ಫ್ಯಾಕ್ಟರಿಯ ಬೋರ್ಡು, ನಮ್ಮ ಡ್ಯಾಶ್‌ಬೋರ್ಡು: ಮಾರ್ಕರ್ ಪೆನ್ ಮುಂದೆ ನಾನು ಸೋತ ಕಥೆ

ನಮ್ಮಲ್ಲಿ ಸುಮಾರು ಜನ ದಿನಾ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ ಕೂಡಲೇ ನೋಡೋದು ಒಂದು ಬೋರ್ಡನ್ನ. ಜಿರಾ ಇರಬಹುದು, ಇನ್ನೊಂದಿರಬಹುದು. ಈ ಬೋರ್ಡಿನ ತವರುಮನೆ ಫ್ಯಾಕ್ಟರಿ. ಇವತ್ತು ಆ ತವರುಮನೆಯ ವಿಷಯ ಮಾತಾಡೋಣ. ಜೊತೆಗೆ ಅಲ್ಲಿ ನಾನೇ ಮಾಡಿದ ಒಂದು ಎಡವಟ್ಟನ್ನೂ ಹೇಳ್ಬೇಕು.

ಕೆಲವು ವರ್ಷಗಳ ಹಿಂದೆ ಪುಣೆ ಹತ್ತಿರದ ಚಾಕಣ್‌ನಲ್ಲಿ ಗಾಡಿಗಳ ಬಿಡಿಭಾಗ ಜೋಡಿಸೋ ಒಂದು ಕಂಪನಿಗೆ ನಮ್ಮ ಟೀಮ್ ಹೋಗಿತ್ತು. ಹೆಸರು ಬೇಡ. ಲೈನ್ ಪಕ್ಕದಲ್ಲಿ ಒಂದು ವೈಟ್‌ಬೋರ್ಡ್ ಇತ್ತು, ಅದನ್ನ ತೆಗೆದು ಟಿವಿ ಹಾಕೋದು ನಮ್ಮ ಕೆಲಸ. ಆ ಬೋರ್ಡ್‌ನಲ್ಲಿ ಐದೇ ಕಾಲಂ: ಗಂಟೆ, ಪ್ಲಾನ್, ಆಕ್ಚುಯಲ್, ಒಟ್ಟು ವ್ಯತ್ಯಾಸ, ಕಾರಣ. ಪ್ರತಿ ಗಂಟೆ ಮುಗಿದಾಗ ಲೈನ್ ಲೀಡರ್ ಬಂದು ಮಾರ್ಕರ್‌ನಲ್ಲಿ ಬರೀತಿದ್ರು. ಪ್ಲಾನ್ ಮುಟ್ಟಿದ್ರೆ ಹಸಿರು, ಇಲ್ಲದಿದ್ರೆ ಕೆಂಪು.

ಪ್ಲಾನ್ ಅಂಕಿ ಎಲ್ಲಿಂದ ಬರುತ್ತೆ ಅನ್ನೋದು ಮುಖ್ಯ. ಎಂಟು ಗಂಟೆ ಶಿಫ್ಟ್ ಅಂದ್ರೆ 480 ನಿಮಿಷ. ಊಟಕ್ಕೆ 30, ಎರಡು ಟೀಗೆ ಹತ್ತತ್ತು ನಿಮಿಷ ಕಳೆದ್ರೆ ಉಳಿಯೋದು 430. ಗ್ರಾಹಕರಿಗೆ ಶಿಫ್ಟ್‌ಗೆ 430 ಪೀಸ್ ಬೇಕು ಅಂದ್ಕೊಳ್ಳಿ, ಆಗ ಪ್ರತಿ 60 ಸೆಕೆಂಡಿಗೆ ಒಂದು ಪೀಸ್ ಹೊರಗೆ ಬರ್ಬೇಕು. ಇದಕ್ಕೆ ಟಾಕ್ಟ್ ಟೈಮ್ ಅಂತಾರೆ. ಟಾಕ್ಟ್ ಜರ್ಮನ್ ಪದ, ನಮ್ಮ ಸಂಗೀತದಲ್ಲಿ ತಾಳ ಅಂತೀವಲ್ಲ, ಆ ಥರದ್ದು. ಹಾಗಾಗಿ ಪೂರ್ತಿ ಗಂಟೆಗೆ 60, ಟೀ ಇರೋ ಗಂಟೆಗೆ 50, ಊಟದ ಗಂಟೆಗೆ 30. ಮ್ಯಾನೇಜರ್ ಮನಸ್ಸಿಗೆ ಬಂದ ಟಾರ್ಗೆಟ್ ಅಲ್ಲ ಅದು.

ಗಂಟೆಗೊಂದು ಸಲ ಯಾಕೆ ಬರೀಬೇಕು? ಶಿಫ್ಟ್ ಮುಗಿದ ಮೇಲೆ 395 ಆಯ್ತು, 35 ಕಮ್ಮಿ ಅಂತ ಗೊತ್ತಾದ್ರೆ ಯಾರಿಗೆ ಏನು ಉಪಯೋಗ? ಎಲ್ಲಿ ಹೋಯ್ತು ಅಂತ ಯಾರಿಗೂ ನೆನಪಿರಲ್ಲ. 10ರಿಂದ 11ರ ಸಾಲಿನಲ್ಲಿ 60ರ ಮುಂದೆ 43 ಅಂತ ಕೆಂಪಲ್ಲಿ ಬರೆದಿದ್ರೆ, 11 ಗಂಟೆಗೇ ಸೂಪರ್‌ವೈಸರ್ ಬಂದು ಕೇಳಬಹುದು. ಆಗ ನೆನಪು ಹಸಿಯಾಗಿರುತ್ತೆ, ಸರಿಮಾಡೋಕೆ ಶಿಫ್ಟ್‌ನಲ್ಲಿ ಸಮಯಾನೂ ಇರುತ್ತೆ.

ನಾವು ಇದನ್ನೆಲ್ಲ ತೆಗೆದು ಎರಡು ದೊಡ್ಡ ಟಿವಿ ಹಾಕಿದ್ವಿ. ಲೈನ್ ಕೊನೆಯ ಸೆನ್ಸರ್ ಪೀಸ್ ಎಣಿಸುತ್ತೆ, ಪರದೆ ಮೇಲೆ ಓಇಇ ಬರುತ್ತೆ. ಮಷೀನ್ ಎಷ್ಟು ಹೊತ್ತು ನಡೀತು, ಎಷ್ಟು ವೇಗದಲ್ಲಿ ನಡೀತು, ಎಷ್ಟು ಪೀಸ್ ಒಳ್ಳೆಯದು ಬಂತು, ಈ ಮೂರನ್ನ ಗುಣಿಸಿದ್ರೆ ಸಿಗೋ ಅಂಕಿ ಅದು. 0.90, 0.95, 0.99 ಗುಣಿಸಿ ನೋಡಿ, ಸುಮಾರು 84.6 ಶೇಕಡಾ. ಪಿಪಿಟಿಯಲ್ಲಿ ಚೆನ್ನಾಗಿ ಕಾಣುತ್ತೆ. ಆದ್ರೆ ಲೈನ್‌ನಲ್ಲಿ ನಿಂತಿರೋ ಹುಡುಗ 84.6 ನೋಡಿ ಮಾಡೋದಾದ್ರೂ ಏನು?

ಕಾರಣ ಬರೆಯೋ ಕಾಲಂ ಬದಲು ಟಚ್‌ಸ್ಕ್ರೀನ್‌ನಲ್ಲಿ 28 ಕಾರಣಗಳ ಪಟ್ಟಿ ಕೊಟ್ಟಿದ್ವಿ. ಒಂದು ತಿಂಗಳಾದ ಮೇಲೆ ಡೇಟಾ ತೆಗೆದ್ರೆ ಮುಕ್ಕಾಲು ಪಾಲು ‘ಇತರೆ’! ಕೈಗೆ ಗ್ಲೌಸ್ ಹಾಕ್ಕೊಂಡು, ಹಿಂದೆ ಲೈನ್ ಓಡ್ತಿರುವಾಗ ಯಾರು ಸ್ಕ್ರಾಲ್ ಮಾಡ್ತಾರೆ?

ಲೈನ್ ಲೀಡರ್ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಎರಡನೇ ದಿನಾನೇ ನನ್ನ ಹತ್ತಿರ ಬಂದು ಹೇಳಿದ್ರು: “ಸರ್, ರಿವರ್ಕ್ ಆದ ಪೀಸು ತಿರುಗಿ ಲೈನಿಗೆ ಬರ್ತಾವ್ರೀ. ನಿಮ್ಮ ಸೆನ್ಸರ್ ಅವನ್ನ ಎರಡು ಸಲ ಎಣಸಾಕತ್ತೈತಿ.” ನಾನು ‘ಮುಂದಿನ ರಿಲೀಸ್‌ನಲ್ಲಿ ನೋಡೋಣ’ ಅಂದೆ. ಈ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತೆ ನೋಡಿ. ಹಳೇ ಬೋರ್ಡ್‌ನಲ್ಲಿ ಅವರು ಓಕೆ ಆದ ಪೀಸ್ ಮಾತ್ರ ಬರೀತಿದ್ರು. ನಮ್ಮ ಟಿವಿಯಲ್ಲಿ ರಿವರ್ಕ್ ಹೆಚ್ಚಾದಷ್ಟೂ ಹಸಿರು ಹೆಚ್ಚು. ಕಲ್ಲಂಗಡಿ ಹಣ್ಣು ಇದ್ದ ಹಾಗೆ, ಹೊರಗೆ ಹಸಿರು, ಒಳಗೆ ಕೆಂಪು.

ಎರಡು ತಿಂಗಳಾದ ಮೇಲೆ ಸ್ಟೋರ್‌ನಲ್ಲಿ ಎಣಿಸಿದ್ರೆ ಮಾಲು ಕಮ್ಮಿ. ಟಿವಿ ಸುಳ್ಳು ಹೇಳಲ್ಲ ಅಂತ ಎಲ್ಲರ ನಂಬಿಕೆ, ಹಾಗಾಗಿ ಪ್ರಶ್ನೆ ಹೋಗಿದ್ದು ಲೈನ್ ಲೀಡರ್‌ಗೆ. ನಾನು ಮೀಟಿಂಗ್‌ನಲ್ಲಿ ತಪ್ಪು ನಮ್ಮ ಲೆಕ್ಕದ್ದು ಅಂತ ಒಪ್ಪಿಕೊಂಡೆ. ಆದ್ರೆ ಅಷ್ಟರಲ್ಲಿ ಅವರನ್ನ ನೈಟ್ ಶಿಫ್ಟ್‌ಗೆ ಹಾಕಿ ವಾರ ಕಳೆದಿತ್ತು.

ಆಮೇಲೆ ಅವರೇ ನನಗೆ ಹಳೇ ಬೋರ್ಡಿನ ಫೋಟೋಗಳನ್ನ ವಾಟ್ಸಾಪ್‌ನಲ್ಲಿ ಕಳಿಸಿದ್ರು. ಪ್ರತಿ ಶಿಫ್ಟ್ ಕೊನೆಗೆ ಒಂದು ಫೋಟೋ ತೆಗೆಯೋ ಅಭ್ಯಾಸ ಅವರದು. ಒಂದೊಂದೇ ನೋಡ್ತಾ ಹೋದೆ. ಹೆಚ್ಚುಕಮ್ಮಿ ದಿನಾ, 10ರಿಂದ 11ರ ಸಾಲಿನಲ್ಲೇ ಕೆಂಪು, ಕಾರಣ ಒಂದೇ: ‘ಬಿನ್ ತಡ’. ಲೈನ್‌ಗೆ ಮಾಲು ತಂದುಕೊಡೋ ಹುಡುಗನ ಟೀ ಬ್ರೇಕ್, ಲೈನ್‌ನವರ ಟೀ ಮುಗಿದ ಮೇಲೆ ಶುರುವಾಗ್ತಿತ್ತು. ಅವನು ಬರೋ ಹೊತ್ತಿಗೆ ಬಿನ್ ಖಾಲಿ. ಅವನ ಟೀಯನ್ನ ಲೈನ್ ಟೀ ಜೊತೆಗೇ ಸೇರಿಸಿದ್ರು, ಒಂದು ಬಿನ್ ಹೆಚ್ಚಿಗೆ ಇಟ್ರು, ಅಷ್ಟೇ. ಇದಕ್ಕೆ ಅನಲಿಟಿಕ್ಸ್ ಬೇಕಿರಲಿಲ್ಲ. ವಕ್ರವಾದ ಕೈಬರಹದ ಎರಡು ಪದ ಸಾಕಾಗಿತ್ತು.

ಟೊಯೋಟಾದ ಆಂಡಾನ್ ಬೋರ್ಡ್ ಬಗ್ಗೆ ನೀವು ಕೇಳಿರ್ತೀರಿ. ಜಪಾನಿ ಭಾಷೆಯಲ್ಲಿ ಆಂಡಾನ್ ಅಂದ್ರೆ ಕಾಗದದ ದೀಪ. ಕೆಲಸಗಾರ ಹಗ್ಗ ಎಳೀತಾನೆ ಅಥವಾ ಬಟನ್ ಒತ್ತುತ್ತಾನೆ, ಮೇಲಿನ ಬೋರ್ಡ್‌ನಲ್ಲಿ ಅವನ ಸ್ಟೇಷನ್ ನಂಬರ್ ಬೆಳಗುತ್ತೆ, ಟೀಮ್ ಲೀಡರ್ ಓಡಿ ಬರ್ತಾನೆ. ನಿಗದಿತ ಜಾಗ ಮುಟ್ಟೋದ್ರೊಳಗೆ ಸರಿಯಾಗದಿದ್ರೆ ಮಾತ್ರ ಲೈನ್ ನಿಲ್ಲುತ್ತೆ. ಈ ಯೋಚನೆಯ ಮೂಲ ಸಾಕಿಚಿ ಟೊಯೋಡಾ ಅವರ ಮಗ್ಗ. ನೂಲು ಕಡಿದ್ರೆ ತಾನಾಗಿ ನಿಲ್ಲೋ ಮಗ್ಗ ಅದು. ಅಲ್ಲಿ ದೀಪ ಹತ್ತಿದ್ರೆ ‘ನಂಗೆ ಸಹಾಯ ಬೇಕು’ ಅಂತ ಅರ್ಥ. ಚಾಕಣ್‌ನ ನಮ್ಮ ಟಿವಿಯಲ್ಲಿ ಕೆಂಪು ಬಂದ್ರೆ ಕೇಳ್ತಿದ್ದದ್ದು ‘ಯಾರದು ತಪ್ಪು?’ ಅಂತ. ಬಣ್ಣ ಒಂದೇ, ಆದ್ರೆ ಯಾರು ಓಡಿ ಬರ್ತಾರೆ, ಯಾಕೆ ಬರ್ತಾರೆ ಅನ್ನೋದು ಬೇರೆ.

ಇನ್ನು ಕಾನ್ಬಾನ್. ಫ್ಯಾಕ್ಟರಿಯಲ್ಲಿ ಅದು ನಿಜವಾದ ಕಾರ್ಡು. ಕಾರ್ಡು ವಾಪಸ್ ಬಂದ್ರೆ ಮಾತ್ರ ಹಿಂದಿನವರು ಮತ್ತೆ ಮಾಡಬೇಕು, ಇಲ್ಲಾಂದ್ರೆ ಕೈಕಟ್ಟಿ ನಿಲ್ಲಬೇಕು. ಡೇವಿಡ್ ಆಂಡರ್‌ಸನ್ ಇದನ್ನ ಸಾಫ್ಟ್‌ವೇರ್ ಕೆಲಸಕ್ಕೆ ತಂದ್ರು, 2010ರಲ್ಲಿ ಪುಸ್ತಕಾನೂ ಬಂತು. ನಾವು ಕಾಲಂಗಳನ್ನ ಮಾತ್ರ ಇಟ್ಕೊಂಡು ಆ ಮಿತಿಯನ್ನ ಬಿಟ್ವಿ. ‘ಇನ್ ಪ್ರೋಗ್ರೆಸ್’ ಕಾಲಂನಲ್ಲಿ ನಿಮ್ಮ ಟೀಮಿನ ಎಷ್ಟು ಟಿಕೆಟ್ ಇದೆ ಅಂತ ಒಮ್ಮೆ ಎಣಿಸಿ ನೋಡಿ.

ಚಾಕಣ್‌ನಲ್ಲಿ ಕೊನೆಗೆ ಏನಾಯ್ತು ಅಂದ್ರೆ, ಟಿವಿ ಇದ್ದಲ್ಲೇ ಇದೆ, ಎಣಿಕೆಯ ತಪ್ಪು ಸರಿಮಾಡಿದ್ವಿ, ಅದರ ಕೆಳಗೆ ಹಳೇ ವೈಟ್‌ಬೋರ್ಡ್ ಮತ್ತೆ ಬಂತು. ಲೈನ್ ಲೀಡರ್ ಕೂಡ ಡೇ ಶಿಫ್ಟ್‌ಗೆ ವಾಪಸ್ ಬಂದ್ರು, ಆದ್ರೆ ಒಂದೂವರೆ ತಿಂಗಳು ಹಿಡೀತು. ಶಿಫ್ಟ್ ಶುರುವಾಗೋ ಮುಂಚೆ ಹತ್ತು ನಿಮಿಷ ಎಲ್ಲರೂ ಬೋರ್ಡ್ ಮುಂದೆ ನಿಂತು ಹಿಂದಿನ ದಿನದ ಕೆಂಪು ಸಾಲುಗಳನ್ನ ಮಾತ್ರ ಓದ್ತಾರೆ. ಮಾರ್ಕರ್ ಎರಡು ದಿನಕ್ಕೊಂದು ಕಳೆದುಹೋಗ್ತಿತ್ತು. ಈಗ ಅದಕ್ಕೊಂದು ದಾರ ಕಟ್ಟಿ ಬೋರ್ಡಿಗೇ ನೇತುಹಾಕಿದ್ದಾರೆ.