ಆಲ್ಕ್‌ಮಾರ್ ಪಟ್ಟಣದ ಆರ್ಗನ್ನುಗಳು: ಜೀರ್ಣೋದ್ಧಾರದ ಒಂದು ಪ್ರಶ್ನೆ

ಪ್ರಾಚೀನ ಗ್ರಂಥವನ್ನು ಪರಿಷ್ಕರಿಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಯಾವ ಪಾಠವನ್ನು ಮೂಲವೆಂದು ಹಿಡಿಯಬೇಕೆಂಬುದು. ಓಲೆಯ ಪ್ರತಿಗಳಿಗೆ ಮಾತ್ರವಲ್ಲದೆ ವಾದ್ಯಗಳಿಗೂ ಈ ತೊಡಕು ಉಂಟೆಂಬುದಕ್ಕೆ ಉತ್ತರ ಹಾಲೆಂಡಿನ ಆಲ್ಕ್‌ಮಾರ್ ಪಟ್ಟಣದ ಸಂತ ಲಾರೆನ್ಸನ ದೇವಾಲಯವು ಉತ್ತಮ ನಿದರ್ಶನವಾಗಿರುವುದು. ಅಲ್ಲಿ ಎರಡು ಆರ್ಗನ್ನುಗಳಿವೆ. ಚಿಕ್ಕದನ್ನು 1511ರಲ್ಲಿ ಯಾನ್ ವಾನ್ ಕೋವೆಲೆನ್ಸನು ನಿರ್ಮಿಸಿದನು. ದೊಡ್ಡದನ್ನು ವಾನ್ ಹಾಗರ್‌ಬೇರ್ ಮನೆತನದವರು 1646ರಲ್ಲಿ ಪೂರೈಸಿದರು.

ಆರ್ಗನ್ ಎಂದೊಡನೆ ನಮ್ಮಲ್ಲನೇಕರಿಗೆ ಹಾರ್ಮೋನಿಯಮ್ ನೆನಪಾಗಬಹುದು. ಆದರೆ ಅದು ಬೇರೆ, ಇದು ಬೇರೆ. ಇಲ್ಲಿ ತಿದಿಗಳಿಂದ ಹೊರಟ ಗಾಳಿಯು ಮರದ ಪೆಟ್ಟಿಗೆಯಲ್ಲಿ ತುಂಬಿ ನಿಂತಿರುವುದು. ವಾದಕನು ಪಟ್ಟಿಯನ್ನೊತ್ತಲು ಪೆಟ್ಟಿಗೆಯೊಳಗಣ ಮುಚ್ಚಳ ತೆರೆದು, ಗಾಳಿಯು ಕೊಳವೆಗೆ ನುಗ್ಗಿ ನಾದವೇಳುವುದು. ಒಂದು ಕೊಳವೆಗೆ ಒಂದೇ ಸ್ವರ. ಆದುದರಿಂದ ಕೊಳವೆಗಳ ಸಾಲುಗಳು ಅನೇಕವಾಗಿ, ವಾದ್ಯವು ಮನೆಯಷ್ಟು ಎತ್ತರ ಬೆಳೆಯುವುದು. ದೊಡ್ಡ ಆರ್ಗನ್ನಿನ ಹೊರಕವಚವು ಯಾಕೊಬ್ ವಾನ್ ಕಾಂಪೆನನ ಕಲ್ಪನೆ. ಅದರ ಕದಗಳ ಮೇಲೆ ದಾವೀದನು ಗೊಲಿಯಾತನನ್ನು ಗೆದ್ದ ಬಳಿಕ ಸೌಲ ರಾಜನು ನಡೆಸಿದ ವಿಜಯಯಾತ್ರೆಯನ್ನು ಸೇಸರ್ ವಾನ್ ಎವರ್ಡಿಂಗೆನನು ಚಿತ್ರಿಸಿದನು.

ಆ ಕಾಲಕ್ಕೆ ಹಾಲೆಂಡಿನಲ್ಲಿ ಧರ್ಮಸುಧಾರಣೆ ನಡೆದು ಹೋಗಿತ್ತು. ಪೂಜೆಯಲ್ಲಿ ಆರ್ಗನ್ ಸಲ್ಲದೆಂಬುದು ಅನೇಕ ಪಾದ್ರಿಗಳ ಮತ. ಆದರೂ ವಾದ್ಯಗಳು ಉಳಿದುವು. ಏಕೆಂದರೆ ಅವು ನಗರಸಭೆಗಳ ಸ್ವತ್ತಾಗಿದ್ದುವು. ಕವಿ ಕಾನ್‌ಸ್ಟಂಟೈನ್ ಹೈಖೆನ್ಸನು 1641ರಲ್ಲಿ ಆರ್ಗನ್ನಿನ ಪರವಾಗಿ ಗ್ರಂಥವನ್ನೇ ಬರೆದನು.

1723ರಿಂದ 1725ರವರೆಗೆ ಫ್ರಾನ್ಸ್ ಕಾಸ್ಪರ್ ಶ್ನಿಟ್ಗರನು ದೊಡ್ಡ ಆರ್ಗನ್ನನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿದನು. ಈತನು ಪ್ರಖ್ಯಾತ ಆರ್ಪ್ ಶ್ನಿಟ್ಗರನ ಮಗ. ಹಳೆಯ ಕವಚವನ್ನೂ ಹಾಗರ್‌ಬೇರರ ಹಲವು ಕೊಳವೆಗಳನ್ನೂ ಉಳಿಸಿಕೊಂಡನಾದರೂ ಶ್ರುತಿಯನ್ನು ಬದಲಿಸಿದನು. ವಿವಾದ ಹುಟ್ಟಿದ್ದು ಇಲ್ಲಿಯೇ. ಹಳೆಯ ಪದ್ಧತಿಯಲ್ಲಿ ಪಂಚಮವನ್ನು ಕೊಂಚ ಇಳಿಸಿ ಅಂತರಗಾಂಧಾರವನ್ನು ಶುದ್ಧವಾಗಿ ನಿಲ್ಲಿಸುತ್ತಿದ್ದರು. ಫಲವಾಗಿ ಕೆಲವು ಆಧಾರಗಳಲ್ಲಿ ನಾದವು ಅತಿಮಧುರವಾಗಿಯೂ ಮತ್ತೆ ಕೆಲವುಗಳಲ್ಲಿ ತೋಳದ ಊಳಿನಂತೆ ಕರ್ಕಶವಾಗಿಯೂ ಇರುತ್ತಿತ್ತು. ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿದಲ್ಲಿ ಎಲ್ಲ ಆಧಾರಗಳೂ ನುಡಿಸಲು ಬರುವುವು. ಆದರೆ ಅಂತರಗಾಂಧಾರವು ಅರೆಸ್ವರದ ಸುಮಾರು ಏಳನೆಯ ಒಂದು ಪಾಲಿನಷ್ಟು ಏರಿಬಿಡುವುದು. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿದಾಗ ನಮ್ಮಲ್ಲಿ ಎದ್ದ ಆಕ್ಷೇಪಗಳಲ್ಲಿ ಇದೂ ಒಂದೆಂಬುದನ್ನು ವಾಚಕರು ಬಲ್ಲರು. ಆಲ್ಕ್‌ಮಾರಿನ ವಾದಕ ಹಾವಿಂಖನು ಸಮಶ್ರುತಿಯ ಪಕ್ಷಪಾತಿ. ವೆಲ್ಡ್‌ಕಾಂಪ್ಸನೆಂಬ ಮತ್ತೊಬ್ಬ ವಾದಕನು ಇದನ್ನು ಖಂಡಿಸಿದನು. ಹಾವಿಂಖನು ಆರ್ಗನ್ನುಗಳ ಉತ್ಪತ್ತಿಯನ್ನು ಕುರಿತ ತನ್ನ ಗ್ರಂಥವನ್ನು 1727ರಲ್ಲಿ ಅಚ್ಚುಮಾಡಿಸಿ, ಹೊಸ ಕೆಲಸವನ್ನು ಸಮರ್ಥಿಸಿದನು.

ಹೀಗಿರಲು, 20ನೆಯ ಶತಮಾನದ ಜೀರ್ಣೋದ್ಧಾರಕರು 1646ನ್ನು ಹಿಡಿಯಬೇಕೇ, 1725ನ್ನೇ? 1646 ಹೆಚ್ಚು ಪ್ರಾಚೀನವೆಂಬುದು ನಿಜ. ಅದನ್ನು ಮರಳಿ ಪಡೆಯಬೇಕಾದರೆ ಮಾತ್ರ ಇರುವ ಶ್ನಿಟ್ಗರನನ್ನು ಅಳಿಸಿ, ಇಲ್ಲದ ಹಾಗರ್‌ಬೇರರನ್ನು ಊಹೆಯಿಂದ ತುಂಬಬೇಕು. ಫ್ಲೆಂಟ್ರೋಪ್ ಸಂಸ್ಥೆಯವರು ಮೊದಲು 1940ರ ದಶಕದ ಕೊನೆಯಲ್ಲಿಯೂ, ಬಳಿಕ 1980ರ ದಶಕದಲ್ಲಿ ಇನ್ನಷ್ಟು ಆಳವಾಗಿಯೂ ಕೆಲಸ ಮಾಡಿದರು. ಎರಡನೆಯ ಸಲ 1725ರ ರೂಪವನ್ನೇ ಗುರಿಯಾಗಿರಿಸಿಕೊಂಡರು. ಹಿಂದಿನದೆಲ್ಲವೂ ಶುದ್ಧ, ಮುಂದಿನದೆಲ್ಲವೂ ಪ್ರಕ್ಷಿಪ್ತವೆಂಬ ಆತುರಕ್ಕೆ ಅವರು ಎಡೆಗೊಡದಿದ್ದುದು ಯುಕ್ತವೆಂದೇ ನನ್ನ ಅಭಿಪ್ರಾಯ. ಈ ಎರಡು ಜೀರ್ಣೋದ್ಧಾರಗಳ ನಡುವೆ, 1956ರಲ್ಲಿ, ಅಂಧ ವಾದಕ ಹೆಲ್ಮುಟ್ ವಾಲ್ಖನು ಬಾಖನ ಕೃತಿಗಳನ್ನು ಇಲ್ಲಿ ಧ್ವನಿಮುದ್ರಣಕ್ಕಾಗಿ ನುಡಿಸಿದನು.

ಚಿಕ್ಕ ಆರ್ಗನ್ನಿನ ಜೀರ್ಣೋದ್ಧಾರವು 2000ದಲ್ಲಿ ಮುಗಿಯಿತು. ನೆದರ್ಲೆಂಡ್ಸಿನಲ್ಲಿ ಇಂದೂ ನುಡಿಯುವ ಆರ್ಗನ್ನುಗಳೊಳಗೆ ಅದೇ ಅತ್ಯಂತ ಹಳೆಯದು.