ಗಾಳದ ಕೊಕ್ಕೆಯೂ ಮೀನಿನ ಪ್ರಾಣವೂ

ಗಾಳ ಹಾಕುವ ನಾವು ಕೋಲು, ದಾರಗಳನ್ನು ಆರಿಸುವಷ್ಟು ಎಚ್ಚರದಿಂದ ಕೊಕ್ಕೆಯನ್ನು ಆರಿಸುವುದಿಲ್ಲ. ಮೀನನ್ನು ಅಡಿಗೆಮನೆಗೆ ಒಯ್ಯುವುದಾದರೆ ಚಿಂತೆಯಿಲ್ಲ. ಹಿಡಿದು ಮರಳಿ ನೀರಿಗೇ ಬಿಡುವ ವಿನೋದದಲ್ಲಾದರೋ ಅದರ ಪ್ರಾಣವು ಕೊಕ್ಕೆಯ ಬಾಗಿನಲ್ಲಿದೆ.

ಸಾಮಾನ್ಯ ಕೊಕ್ಕೆಯ ಆಕಾರ ಇಂಗ್ಲಿಷಿನ 'ಜೆ' ಅಕ್ಷರದಂತೆ. ಮೊನೆ ನೇರವಾಗಿ ಮೇಲಕ್ಕೆ ನಿಂತಿರುತ್ತದೆ. ಮೀನು ಎರೆಯನ್ನು ಪೂರ್ತಿ ನುಂಗಿದ್ದರೆ, ದಾರವನ್ನೆಳೆದೊಡನೆ ಅದು ಗಂಟಲಿಗೋ ಕಿವಿರಿಗೋ ನಾಟುವುದುಂಟು. ಅಂತಹ ಮೀನು ಈಜಿ ಹೋದರೂ ಉಳಿಯುವುದು ಕಷ್ಟ. ವೃತ್ತಾಕಾರದ ಕೊಕ್ಕೆಯಲ್ಲಿ ಮೊನೆ ಒಳಮುಖವಾಗಿದೆ. ಆದುದರಿಂದ ಅದು ಸಾಮಾನ್ಯವಾಗಿ ಗಂಟಲಿನಿಂದ ಜಾರಿಬಂದು, ಮೀನು ತಿರುಗಿ ಓಡುವಾಗ ಕಟವಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಕಚ್ಚಿತೆಂದು ಕೋಲನ್ನು ಥಟ್ಟನೆ ಜಗ್ಗಿದರೆ ಕೊಕ್ಕೆ ಬರಿದೇ ಈಚೆಗೆ ಬಂದೀತು. ದಾರವನ್ನು ಮೆಲ್ಲಮೆಲ್ಲನೆ ಬಿಗಿಗೊಳಿಸಬೇಕು. ಜಗ್ಗಿಯೇ ಪಳಗಿದವರಿಗೆ ಈ ಸಂಯಮ ಬಲು ಕಠಿಣ!

ಅಂಗಡಿಯ ಅಂಕೆಗಳೂ ಹೊಸಬರನ್ನು ದಾರಿ ತಪ್ಪಿಸುತ್ತವೆ: 10ನೆಯ ಅಂಕೆಯ ಕೊಕ್ಕೆ 2ನೆಯದಕ್ಕಿಂತ ಚಿಕ್ಕದು.

ಇನ್ನು ಮೊನೆಯ ಹಿಂದಿರುವ ಹಿಮ್ಮುಳ್ಳು. ಇಕ್ಕಳದಿಂದ ಅದನ್ನೊತ್ತಿ ಚಪ್ಪಟೆಮಾಡಿಕೊಂಡರೆ ಕೊಕ್ಕೆಯನ್ನು ಬಿಡಿಸುವುದು ಸುಲಭ. ಕಾವೇರಿಯ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಅಂತಹುದೊಂದು ಆಕಸ್ಮಿಕವಾಗಿ ಕಚ್ಚಿದರೆ, ನೀರಿನಿಂದ ಮೇಲೆತ್ತದೆಯೇ ಬಿಡಿಸಬಹುದಾದ ಕೊಕ್ಕೆಯು ನಮ್ಮ ದಾರದ ತುದಿಯಲ್ಲಿರಬೇಕು.