ಹಗಲುಸೊಳ್ಳೆ

ಸೊಳ್ಳೆಯೆಂದೊಡನೆ ನಮ್ಮ ಗೃಹಸ್ಥರಿಗೆ ನೆನಪಾಗುವುದು ಬೀದಿಯ ಚರಂಡಿ, ಇರುಳಿನ ಗುಂಯ್‌ಗುಡುವಿಕೆ. ಆದರೆ ಡೆಂಗೀ ಜ್ವರವನ್ನು ಹರಡತಕ್ಕ ಸೊಳ್ಳೆಯ ರೀತಿಯೇ ಬೇರೆ. ಅದು ಕಚ್ಚುವುದು ಹಗಲಿನಲ್ಲಿ, ವಿಶೇಷವಾಗಿ ಬೆಳಗ್ಗೆ ಮತ್ತು ಸೂರ್ಯಾಸ್ತಕ್ಕೆ ಮುಂಚೆ. ಅಡಗುವುದು ಮಂಚದ ಕೆಳಗೆ, ತೂಗುಹಾಕಿದ ಬಟ್ಟೆಗಳ ಮರೆಯಲ್ಲಿ. ಮೊಟ್ಟೆಯಿಡುವುದು ನಾವು ಶುದ್ಧವೆಂದು ತುಂಬಿಟ್ಟುಕೊಂಡ ನೀರಿನ ಬಳಿಯಲ್ಲಿಯೇ!

ಶಾಸ್ತ್ರಜ್ಞರು ಇದನ್ನು ಈಡಿಸ್ ಈಜಿಪ್ಟೈ ಎಂದು ಕರೆಯುವರು. ಡೆಂಗೀಗೆ ಇದೇ ಕಾರಣವಿರಬೇಕೆಂದು 1906ರಲ್ಲಿಯೇ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಬ್ಯಾಂಕ್ರಾಫ್ಟ್ ಸೂಚಿಸಿದ್ದರು. ಮೈ ಕಪ್ಪು, ಕಾಲುಗಳಲ್ಲಿ ಬಿಳಿಯ ಪಟ್ಟಿಗಳು. ಬೆನ್ನ ಮೇಲಿನ ಗೆರೆಗಳನ್ನು ಪಾಶ್ಚಾತ್ಯರು ತಮ್ಮ ತಂತಿವಾದ್ಯವೊಂದಕ್ಕೆ ಹೋಲಿಸುವರು. ನಮ್ಮ ಕಣ್ಣಿಗೆ ಅವು ಎದುರುಬದುರಾಗಿಟ್ಟ ಎರಡು ಕುಡುಗೋಲುಗಳಂತೆ ಕಾಣುವುವು. ಇದರ ಸೋದರಿಯಾದ ಈಡಿಸ್ ಆಲ್ಬೊಪಿಕ್ಟಸ್‌ಗೆ ಬೆನ್ನ ನಡುವೆ ಒಂದೇ ಬಿಳಿಗೆರೆ. ಅದಕ್ಕೆ ತೋಟಗಳು ಪ್ರಿಯ. ಉದುರಿದ ಅಡಕೆಯ ಹಾಳೆಯಲ್ಲಿ ನಿಂತ ಮಳೆನೀರೇ ಅದಕ್ಕೆ ಸಾಕು.

ರಕ್ತ ಹೀರುವುದು ಹೆಣ್ಣುಸೊಳ್ಳೆ ಮಾತ್ರ, ಮೊಟ್ಟೆಗಳ ಪೋಷಣೆಗಾಗಿ. ರೋಗಿಯಿಂದ ಹೀರಿದ ವೈರಾಣು ಅದರ ದೇಹದಲ್ಲಿ 8ರಿಂದ 12 ದಿನ ಬೆಳೆದು ಜೊಲ್ಲನ್ನು ಸೇರುವುದು. ಅಲ್ಲಿಂದ ಮುಂದೆ ಆ ಸೊಳ್ಳೆ ಬದುಕಿರುವವರೆಗೂ ಅಪಾಯಕಾರಿ.

ಹಂಡೆಯ ನೀರನ್ನು ಚೆಲ್ಲಿದರೆ ಕೆಲಸ ಮುಗಿಯಿತೆಂದು ಗೃಹಿಣಿಯರು ಭಾವಿಸುವುದು ಸಹಜ. ಆದರೆ ಈ ಸೊಳ್ಳೆ ತನ್ನ ಕಪ್ಪು ಮೊಟ್ಟೆಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒದ್ದೆಗೋಡೆಗೆ ಅಂಟಿಸುವುದು. ಪಾತ್ರೆ ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುವುವು. ಮತ್ತೆ ನೀರು ತಾಗಿದೊಡನೆ ಮರಿಹುಳುಗಳು ಹೊರಡುವುವು. ಬೇಸಗೆಯಲ್ಲಿ ಒಣಗಿದ್ದ ತೊಟ್ಟಿಯೊಂದು ಮೊದಲ ಮಳೆಗೇ ಸೊಳ್ಳೆಯ ತವರಾಗುವುದು ಹೀಗೆ. ಆದುದರಿಂದ ವಾರಕ್ಕೊಮ್ಮೆ ಒಳಗೋಡೆಯನ್ನು ನಾರಿನಿಂದ ಗಟ್ಟಿಯಾಗಿ ತಿಕ್ಕಿ, ತೊಳೆದ ನೀರನ್ನು ಒಣನೆಲಕ್ಕೆ ಚೆಲ್ಲತಕ್ಕದ್ದು. ವಾರವೇ ಏಕೆಂದರೆ, ಮರಿಹುಳುವಿಗೆ ರೆಕ್ಕೆ ಮೂಡಲು ಸುಮಾರು ಅಷ್ಟು ಕಾಲ ಬೇಕು. ಹಂಡೆ ತೊಟ್ಟಿಗಳಷ್ಟೇ ಅಲ್ಲದೆ ಹೂಕುಂಡದ ತಟ್ಟೆ, ಅಂಗಳದ ಒರಳು, ಹಳೆಯ ಟೈರು, ತೆಂಗಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ—ಇವನ್ನೂ ನೋಡಬೇಕು.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಟ್ಟ ಮನೆಗಳಿಗೂ ದಂಡ ವಿಧಿಸಿತು. ನಮಗೆ ಇದು ಉಚಿತವೆಂದೇ ತೋರುವುದು. ಈ ಸೊಳ್ಳೆ ಬಹು ದೂರ ಹಾರತಕ್ಕದ್ದಲ್ಲ. ನಮ್ಮ ಹಿತ್ತಿಲಲ್ಲಿ ಹುಟ್ಟಿದ್ದು ನೆರೆಮನೆಯ ಕೂಸನ್ನೇ ಕಚ್ಚುವುದು.

ಇನ್ನು, ಮನೆಯಲ್ಲಿ ಯಾರಿಗಾದರೂ ಡೆಂಗೀ ಬಂದರೆ, ಜ್ವರವಿರುವ ದಿನಗಳಲ್ಲಿ ಅವರನ್ನು ಹಗಲೂ ಸೊಳ್ಳೆಪರದೆಯೊಳಗೇ ಮಲಗಿಸತಕ್ಕದ್ದು. ಆಗ ಅವರ ರಕ್ತ ಸೊಳ್ಳೆಗೆ ಸಿಕ್ಕದು, ರೋಗವು ಮನೆಯ ಇತರರಿಗೆ ದಾಟದು.